ಬಿರುಕು ಬಿಟ್ಟ ಹೆಡ್ ಉಳಿಯಿತು, ಬಿಡದ ಹೆಡ್ ಹೋಯಿತು: ತದಡಿಯ ಬೋಟ್ ಎಂಜಿನ್ ಒಂದರ ಪ್ರಕರಣ

ತದಡಿ ಬಂದರಿನ ಹಳೇ ಮರದ ಟ್ರಾಲ್ ಬೋಟ್ ಒಂದರ ಎಂಜಿನ್ ಇದು. ಆರು ಸಿಲಿಂಡರ್, ನೂರು ಎಚ್‌ಪಿ ಆಸುಪಾಸು. ಮೂಲದಲ್ಲಿ ಲಾರಿಗೆಂದು ಮಾಡಿದ ಎಂಜಿನ್. ಮರೈನ್ ಗೇರ್‌ಬಾಕ್ಸ್, ಎಂಜಿನ್ ಒಳಗೆ ಸುತ್ತುವ ನೀರನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರ್, ಸಮುದ್ರದ ನೀರಿನ ಪಂಪ್ ಜೋಡಿಸಿ ಬೋಟಿಗೆ ಇಳಿಸಿದ್ದು. ನಮ್ಮ ಕರಾವಳಿಯಲ್ಲಿ ಇಂಥ ಎಂಜಿನ್ ಇನ್ನೂ ಬೇಕಾದಷ್ಟು ಓಡುತ್ತಿವೆ. ಹೆಡ್ ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ವಾಲ್ವ್‌ಗಳಿರುವ ಭಾಗ. ಇದಕ್ಕೆ ಉದ್ದಕ್ಕೂ ಒಂದೇ ಹೆಡ್ ಇಲ್ಲ. ಮೂರು ಮೂರು ಸಿಲಿಂಡರಿಗೆ ಒಂದೊಂದರಂತೆ ಎರಡು ಹೆಡ್. ಮುಂದಿನದು 1, 2, 3ಕ್ಕೆ, ಹಿಂದಿನದು 4, 5, 6ಕ್ಕೆ. ಎರಡೂ ಬೀಡಿನವು, ಅಂದರೆ ಎರಕದ ಕಬ್ಬಿಣದವು. ಈ ಮುಂದೆ ಹಿಂದೆ ಅನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಪ್ರಕರಣದ ಗಂಟು ಇರುವುದೇ ಅಲ್ಲಿ.

ನಾನು ಕಾರವಾರದಲ್ಲಿ ಬೋಟ್ ಎಂಜಿನ್ ಕೆಲಸ ಮಾಡುವವನು. ಬೋಟಿನ ಮಾಲೀಕರು ಫೋನ್ ಮಾಡಿದಾಗ ನವೆಂಬರ್. ಮೀನುಗಾರಿಕೆ ಭರದಲ್ಲಿತ್ತು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನಗಳಲ್ಲಿ ಆಗಿದ್ದರೆ ಯಾರಿಗೂ ಇಷ್ಟು ಅವಸರ ಇರುತ್ತಿರಲಿಲ್ಲ. ಈಗ ಹಾಗಲ್ಲ. ಬೋಟ್ ಧಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆಯಲ್ಲಿ) ನಿಂತ ಒಂದೊಂದು ದಿನವೂ ಖಲಾಸಿಗಳ ಮನೆಯ ಅಡುಗೆಗೆ ತಟ್ಟುತ್ತದೆ.

ದೂರು ಹೀಗಿತ್ತು. ಬಲೆ ಎಳೆಯುವಾಗ ಹೊಗೆ ಬಿಳಿ ಬರುತ್ತದೆ. ಎಂಜಿನ್ ತಣಿಸುವ ಟ್ಯಾಂಕಿನ ನೀರು ದಿನಾ ಇಳಿಯುತ್ತದೆ, ಹೊರಗೆಲ್ಲೂ ಸೋರುವುದು ಕಾಣುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ ಒಮ್ಮೆ ಗಕ್ಕನೆ ತಡೆದು ಆಮೇಲೆ ತಿರುಗುತ್ತದೆ.

ಈ ಕೊನೇ ಮಾತು ಕೇಳಿದ ಕೂಡಲೇ ನಾನು ಹೇಳಿದ್ದು ಒಂದೇ. "ಇನ್ನು ಸೆಲ್ಫ್ ಹೊಡೀಬೇಡಿ. ನಾನು ಬರುವವರೆಗೆ ಯಾರೂ ಮುಟ್ಟಬೇಡಿ." ಗಕ್ಕನೆ ತಡೆಯುವುದು ಅಂದರೆ ಯಾವುದೋ ಸಿಲಿಂಡರಿನ ಒಳಗೆ ನೀರು ನಿಂತಿದೆ ಅಂತ ಅರ್ಥ. ಗಾಳಿಯನ್ನು ಪಿಸ್ಟನ್ ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ನೀರು ಸ್ವಲ್ಪ ಜಾಸ್ತಿ ಸೇರಿದ ದಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೆಡ್ಡಿನ ರಿಪೇರಿ ಹೋಗಿ ಇಡೀ ಎಂಜಿನ್ ಇಳಿಸುವ ಕೆಲಸ ಆಗುತ್ತದೆ.

ದೂರು ಯಾರ ಮೇಲೆ

ಹೋಗಿ ನೋಡಿದರೆ ಧಕ್ಕೆಯಲ್ಲಿ ಆಗಲೇ ತೀರ್ಪು ಆಗಿಬಿಟ್ಟಿತ್ತು. ಮಾಲೀಕರ ಪ್ರಕಾರ ತಪ್ಪು ತಾಂಡೇಲನದ್ದು, ಅಂದರೆ ಬೋಟ್ ನಡೆಸುವವನದ್ದು. ಎಂಜಿನ್ ಬಿಸಿಯಾದದ್ದು ಗೊತ್ತಿದ್ದೂ ಬಲೆ ಎಳೆದ, ಹೆಡ್ ಸೀಳಿಸಿದ. ತಾಂಡೇಲ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ನಾನು ಮುಳ್ಳು ನೋಡ್ತಾನೇ ಇದ್ದೆ. ಒಂದು ದಿನನೂ ಕೆಂಪಿಗೆ ಹೋಗಲಿಲ್ಲ. ದೇವರಾಣೆ" ಅಂದ. ಹತ್ತಾರು ವರ್ಷ ಅಳಿವೆ ದಾಟಿದ ಮನುಷ್ಯ. ಸುಮ್ನೆ ಹೇಳುವವನಲ್ಲ.

ಮಾಲೀಕರ ಇನ್ನೊಂದು ಅನುಮಾನ ಹೀಟ್ ಎಕ್ಸ್‌ಚೇಂಜರ್ ಮೇಲೆ. ಹೋದ ಮಳೆಗಾಲದಲ್ಲಷ್ಟೇ ಹೊಸದು ಕೂರಿಸಿದ್ದರು. "ಅದಕ್ಕಿಂತ ಮುಂಚೆ ಎಂಜಿನ್ ಬಿಸಿಯಾಗೋದೇ ಇರಲಿಲ್ಲ ಮಾರಾಯ್ರೆ. ಹೊಸದು ಹಾಕಿದ ಮೇಲೇ ಶುರುವಾಯ್ತು."

ಹಾಗಾದರೆ ಹಿಂದೆ ಏನಿತ್ತು? ಕೇಳಿದಾಗ ಗೊತ್ತಾಯಿತು. ಬೋಟ್ ಇವರು ಕೊಂಡದ್ದು ಬೇರೆಯವರಿಂದ. ಆ ಹಿಂದಿನವರ ಕಾಲದಲ್ಲಿ ಹಳೇ ಎಕ್ಸ್‌ಚೇಂಜರ್ ಒಡೆದಿತ್ತು. ಅದನ್ನು ತೆಗೆದುಹಾಕಿ, ಹಿತ್ತಾಳೆಯ ಒಂದು ಮೊಣಕೈ ಪೈಪ್ ಮತ್ತು ರಬ್ಬರ್ ಹೋಸ್ ಹಾಕಿ, ಸಮುದ್ರದ ನೀರನ್ನೇ ನೇರ ಎಂಜಿನ್ ಒಳಗೆ ಓಡಿಸಿದ್ದರು. ನೀರಿನ ಬಿಸಿಗೆ ತಕ್ಕಂತೆ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟನ್ನೂ ಆಗಲೇ ಕಿತ್ತಿದ್ದರು. ಎಷ್ಟೋ ಸೀಸನ್ ಹಾಗೇ ಓಡಿದೆ. ಆ ಹಿತ್ತಾಳೆ ಮೊಣಕೈ ಈಗಲೂ ಮುಂದಿನ ಹೆಡ್ಡಿನ ಬಾಯಲ್ಲೇ ಇತ್ತು. ಹೊಸ ಎಕ್ಸ್‌ಚೇಂಜರಿನ ಹೋಸನ್ನು ಅದಕ್ಕೇ ಸಿಕ್ಕಿಸಿದ್ದರು. ಟೆಂಪರೇಚರ್ ಮುಳ್ಳಿನ ಸೆನ್ಸರ್ ಕೂಡ ಅದರಲ್ಲೇ ಕೂತಿತ್ತು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು 55-60 ಡಿಗ್ರಿಗಿಂತ ಬಿಸಿಯಾದರೆ ಅದರಲ್ಲಿನ ಸುಣ್ಣದ ಅಂಶ, ಮೆಗ್ನೀಸಿಯಂ ಅಂಶ ಬೇಗ ಬೇಗ ಲೋಹಕ್ಕೆ ಹತ್ತಿಕೊಳ್ಳುತ್ತವೆ. ಅದಕ್ಕೇ ನೇರ ಸಮುದ್ರದ ನೀರಲ್ಲಿ ಓಡುವ ಎಂಜಿನ್‌ಗಳನ್ನು ತಣ್ಣಗೆ ಓಡಿಸುತ್ತಾರೆ. ಒಟ್ಟು ನೀರು ತಣ್ಣಗಿದ್ದರೂ ವಾಲ್ವ್‌ಗಳ ನಡುವಿನ ಬೀಡಿಗೆ ತಾಗುವ ನೀರು ತಣ್ಣಗಿರುವುದಿಲ್ಲ. ಪೊರೆ ಮೊದಲು ಕಟ್ಟುವುದು ಅಲ್ಲೇ.

ಯಾವ ಸಿಲಿಂಡರ್

ಮೊದಲು ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್‌ಗಳನ್ನೆಲ್ಲಾ ಬಿಚ್ಚಿ, ಫ್ಲೈವೀಲಿಗೆ ಸರಳು ಕೊಟ್ಟು ಕೈಯಿಂದ ಎಂಜಿನ್ ತಿರುಗಿಸಿದೆವು. 5ನೇ ಸಿಲಿಂಡರಿನ ತೂತಿನಿಂದ ಮಾತ್ರ ನೀರು ಚಿಮ್ಮಿತು. ಉಳಿದ ಐದೂ ಒಣಗಿದ್ದವು.

ಇಂಜೆಕ್ಟರ್ ವಾಪಸ್ ಹಾಕಿ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟೆ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಎಂಜಿನ್ ಇನ್ನೂ ತಣ್ಣಗಿರುವಾಗಲೇ ಗುಳ್ಳೆ ಏಳುತ್ತಿತ್ತು. ತಣ್ಣಗಿರುವ ನೀರು ಕುದಿಯುವುದಿಲ್ಲ ಅಲ್ವಾ? ಅಂದರೆ ಅದು ಹಬೆಯಲ್ಲ, ಸಿಲಿಂಡರಿನ ಗ್ಯಾಸ್. ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ ಸಡಿಲ ಮಾಡುತ್ತಾ ಬಂದೆ. 5ನೇದು ಸಡಿಲ ಮಾಡಿದಾಗ ಗುಳ್ಳೆ ಹೆಚ್ಚುಕಡಿಮೆ ನಿಂತಿತು. ಈ ಪರೀಕ್ಷೆಗೆ ದುಡ್ಡು ಬೇಕಿಲ್ಲ, ಹುಷಾರು ಬೇಕು. ಆ ಪೈಪಿನಿಂದ ಚಿಮ್ಮುವ ಡೀಸೆಲ್ ಚರ್ಮದೊಳಗೆ ನುಗ್ಗುವಷ್ಟು ಜೋರಿರಬಹುದು. ನಟ್ಟಿನ ಮೇಲೆ ದಪ್ಪ ಬಟ್ಟೆ, ಕಣ್ಣಿಗೆ ಕನ್ನಡಕ, ಬೆರಳು ದೂರ.

ಇಷ್ಟು ಕಂಡರೆ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಹೋಗಿದೆ ಅಂತಲೂ ಹೇಳಬಹುದು, ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರ್ ಸೀಳಿದೆ ಅಂತಲೂ ಹೇಳಬಹುದು, ಹೆಡ್ ಅಂತಲೂ ಹೇಳಬಹುದು. ಬಿಚ್ಚದೆ ಗೊತ್ತಾಗುವುದಿಲ್ಲ.

ಹೆಡ್ ಬಿಚ್ಚುವ ಕೆಲಸವನ್ನು ಎಂಜಿನ್ ಪೂರ್ತಿ ಆರಿದ ಮೇಲೆ ಮಾಡಬೇಕು. ನಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಬಿಗಿಯುವುದರ ತಿರುಗಾಮುರುಗಾ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಬಿಸಿಯಲ್ಲಿ, ಒಂದು ಮೂಲೆಯಿಂದ ಬಿಚ್ಚುತ್ತಾ ಹೋದರೆ ಒಳ್ಳೇ ಹೆಡ್ಡೂ ಬಾಗುತ್ತದೆ. ಇಲ್ಲಿ ಹೆಡ್ ಹಿಡಿದಿಡುವ ಸರಳುಗಳಲ್ಲಿ (ಸ್ಟಡ್) ಎರಡು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ ಬೆಳಿಗ್ಗೆ ಬಿಡಿಸಿದೆವು.

ಹಿಂದಿನ ಹೆಡ್ ಎತ್ತಿದಾಗ ಮೂರು ಪಿಸ್ಟನ್ ತಲೆ ಕಂಡವು. 4 ಮತ್ತು 6 ಮಸಿಯಿಂದ ಕರ್ರಗೆ. ನಡುವಿನ 5 ಮಾತ್ರ ತೊಳೆದಿಟ್ಟ ಹಾಗೆ ಫಳಫಳ. ಒಳಗೆ ಬಂದ ನೀರು ಹಬೆಯಾಗಿ ಮಸಿಯನ್ನು ಕಿತ್ತು ತೆಗೆದಿತ್ತು. ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಸಿಲಿಂಡರಿನ ಸುತ್ತಿನ ಉಂಗುರ ಎಲ್ಲೂ ಸುಟ್ಟಿರಲಿಲ್ಲ. ಗ್ಯಾಸ್ ಹಾದುಹೋದರೆ ಬೀಳುವ ಕಪ್ಪು ಗೆರೆ ಇರಲಿಲ್ಲ. ಲೈನರಿನಲ್ಲೂ ಏನಿಲ್ಲ. ಉಳಿದದ್ದು ಹೆಡ್.

ಹೆಡ್ ಏನು ಹೇಳಿತು

ನೀರಿನ ದಾರಿಯ ತೂತು ಮುಚ್ಚುವ ಪಕ್ಕದ ಬಿಲ್ಲೆಗಳನ್ನು (ಕೋರ್ ಪ್ಲಗ್) ತೆಗೆದು ಟಾರ್ಚ್ ಹಿಡಿದರೆ ನೀರಿನ ದಾರಿ ಅರ್ಧಕ್ಕರ್ಧ ಮುಚ್ಚಿತ್ತು. ಗೋಡೆಗೆ ಬೂದು ಬಣ್ಣದ ಗಟ್ಟಿ ಪೊರೆ. ಅದಕ್ಕಿಂತ ಕೆಟ್ಟದ್ದು, 5ನೇ ಸಿಲಿಂಡರಿನ ವಾಲ್ವ್‌ಗಳ ನಡುವೆ ನೀರು ಹೋಗುವ ಸಣ್ಣ ತೂತಿನಲ್ಲಿ ಪೊರೆಯ ಚೂರುಗಳು ಬಂದು ಸಿಕ್ಕಿಕೊಂಡಿದ್ದವು. ಚಿಮಟದಲ್ಲಿ ಎಳೆದು ತೆಗೆದೆ. ಉಗುರಿನಷ್ಟು ಅಗಲ, ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ತುಕ್ಕಿನ ಕೆಂಪು. ಎಲ್ಲೋ ಗೋಡೆಯಿಂದ ಕಳಚಿ ಹರಿದು ಬಂದವು.

ಇಲ್ಲಿಗೆ ಮಾಲೀಕರ ಮಾತಿನ ಒಳಗುಟ್ಟು ತಿಳಿಯಿತು. ಎಕ್ಸ್‌ಚೇಂಜರ್ ಹಾಕಿದ ಮೇಲೇ ಶುರುವಾಯ್ತು ಅಂದದ್ದು ನಿಜವೇ. ಆದರೆ ಎಕ್ಸ್‌ಚೇಂಜರ್ ಕೆಟ್ಟದ್ದಾಗಿರಲಿಲ್ಲ. ವರ್ಷಗಟ್ಟಲೆ ಕಟ್ಟಿದ ಪೊರೆಯನ್ನು ಒಳಗೇ ಬಿಟ್ಟು ಅದನ್ನು ಕೂರಿಸಿದರು. ಸಿಹಿನೀರು, ಕೂಲಂಟ್ ಬಂದವು. ಎಂಜಿನ್ ಹಿಂದಿಗಿಂತ ಬಿಸಿಯಾಗಿ, 80ರ ಹತ್ತಿರ ಓಡತೊಡಗಿತು. ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಹಳೇ ಪೊರೆ ಚೂರುಚೂರಾಗಿ ಕಳಚಿತು. ಮೊದಲಾದರೆ ನೀರು ಹೊರಗೆ ಸಮುದ್ರಕ್ಕೆ ಹೋಗುತ್ತಿತ್ತು, ಕಸವೂ ಹೋಗುತ್ತಿತ್ತು. ಈಗ ಅದೇ ನೀರು ಸುತ್ತುತ್ತದೆ, ಕಸವೂ ಸುತ್ತುತ್ತದೆ. ನೀರಿನ ಓಟ ನಿಧಾನ ಇರುವ ಹಿಂದಿನ ಭಾಗದಲ್ಲಿ ಹೋಗಿ ಕೂತಿತು.

ಮತ್ತೆ ಸೆನ್ಸರ್ ಎಲ್ಲಿತ್ತು? ಮುಂದಿನ ಹೆಡ್ಡಿನ ಬಾಯಲ್ಲಿ. ಅಲ್ಲಿ ಎಲ್ಲಾ ಸಿಲಿಂಡರಿನ ನೀರು ಸೇರಿ ಬರುತ್ತದೆ, ಅದರ ಸರಾಸರಿಯನ್ನು ಮುಳ್ಳು ತೋರಿಸುತ್ತದೆ. 5ನೇ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ನೀರು ನಿಂತು ಕುದಿಯುತ್ತಿದ್ದರೂ ಮುಳ್ಳಿಗೆ ಗೊತ್ತಾಗುವ ದಾರಿಯೇ ಇಲ್ಲ. ತಾಂಡೇಲ ಹೇಳಿದ್ದು ಅಕ್ಷರಶಃ ಸರಿ. ಚೂರುಗಳನ್ನು, ಸೆನ್ಸರ್ ಇರುವ ಜಾಗವನ್ನು ಮಾಲೀಕರಿಗೆ ತೋರಿಸಿ ಅಲ್ಲೇ ಎಲ್ಲರ ಎದುರು ಹೇಳಿದೆ. ಧಕ್ಕೆಯಲ್ಲಿ ಒಬ್ಬನ ಮೇಲೆ ಬಂದ ಮಾತು ಧಕ್ಕೆಯಲ್ಲೇ ತೀರಬೇಕು. ಇಲ್ಲದಿದ್ದರೆ ಮುಂದಿನ ಸೀಸನ್‌ಗೆ ಅವನಿಗೆ ಬೇರೆ ಬೋಟ್ ಸಿಗುವುದು ಕಷ್ಟ.

ಬಿರುಕು ಹುಡುಕುವ ಮೊದಲು ಪೊರೆ ಕರಗಿಸಲೇಬೇಕು. ಪೊರೆಯೇ ಬಿರುಕಿಗೆ ಮುಚ್ಚಳವಾಗಿ ಕೂತಿರುತ್ತದೆ. ಹಾಗೇ ಒತ್ತಡ ಕೊಟ್ಟು ನೋಡಿದರೆ ಸೋರುವ ಹೆಡ್ಡೂ ಪಾಸ್ ಆಗಿಬಿಡಬಹುದು. ಕೆಲವರು ಬಚ್ಚಲು ತೊಳೆಯುವ ಆಸಿಡ್ ಸುರಿಯುತ್ತಾರೆ. ಅದು ಪೊರೆಯ ಜೊತೆ ಬೀಡನ್ನೂ ತಿನ್ನುತ್ತದೆ. ನಾವು ಸಿಟ್ರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ, ಹೆಡ್ ಮುಳುಗಿಸಿಟ್ಟು, ನೊರೆ ನಿಂತಾಗ ನೀರು ಬದಲಿಸಿ, ಕೊನೆಗೆ ಸೋಡಾ ನೀರಿನಲ್ಲಿ ತೊಳೆದೆವು. ನಿಧಾನದ ಕೆಲಸ, ಆದರೆ ಬೀಡಿಗೆ ಅಪಾಯ ಕಡಿಮೆ.

ಆಮೇಲೆ ಕೆಂಪು ಬಣ್ಣದ ಪರೀಕ್ಷೆ. ಬಿರುಕಿನೊಳಗೆ ಇಳಿಯುವ ತೆಳ್ಳಗಿನ ಕೆಂಪು ದ್ರವ ಸ್ಪ್ರೇ ಮಾಡಿ, ಕಾಲು ಗಂಟೆ ಬಿಟ್ಟು, ಮೇಲಿನದನ್ನು ಪೂರ್ತಿ ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆಯುವುದು. ಒಳಗೆ ಉಳಿದ ಕೆಂಪನ್ನು ಬಿಳಿ ಪುಡಿ ಹೀರಿ ಮೇಲೆ ತರುತ್ತದೆ. ಸೀಮೆಎಣ್ಣೆ ಮತ್ತು ಸೀಮೆಸುಣ್ಣದಿಂದ ಹಳೇ ಮಿಸ್ತ್ರಿಗಳು ಮಾಡುತ್ತಿದ್ದದ್ದೂ ಇದೇ ಪರೀಕ್ಷೆ, ಈಗಲೂ ಕೆಲಸ ಕೊಡುತ್ತದೆ. 5ನೇ ಸಿಲಿಂಡರಿನಲ್ಲಿ ಗಾಳಿ ಒಳಬರುವ ವಾಲ್ವಿನ ಸೀಟಿನಿಂದ (ವಾಲ್ವ್ ಮುಚ್ಚಿದಾಗ ಕೂರುವ ಉಂಗುರದಿಂದ) ಹೊಗೆ ಹೋಗುವ ವಾಲ್ವಿನ ಸೀಟಿನವರೆಗೆ, ಸುಮಾರು 2 ಸೆಂಟಿಮೀಟರ್, ಕೆಂಪು ಗೆರೆ ಎದ್ದಿತು. ಗೆರೆ ಸೀಟಿನ ಒಳಬದಿಗೂ ಇಳಿದಿತ್ತು. 4ರಲ್ಲಿ ಅದೇ ಜಾಗದಲ್ಲಿ ಕೂದಲೆಳೆಯಷ್ಟು ತೆಳ್ಳಗೆ, ಚಿಕ್ಕದು.

ಬಿರುಕು ಅಲ್ಲೇ ಬರುವುದಕ್ಕೆ ಕಾರಣ ಇದೆ. ಒಂದು ಬದಿಯಲ್ಲಿ ತಣ್ಣನೆ ಗಾಳಿ, ಇನ್ನೊಂದು ಬದಿಯಲ್ಲಿ ನೂರಾರು ಡಿಗ್ರಿಯ ಹೊಗೆ, ನಡುವೆ ಕಿರಿದಾದ ಬೀಡಿನ ಪಟ್ಟಿ. ಬಿಸಿಯಾದಾಗ ಆ ಪಟ್ಟಿ ಹಿಗ್ಗಬೇಕು, ಸುತ್ತಲಿನ ತಣ್ಣನೆ ಬೀಡು ಬಿಡುವುದಿಲ್ಲ, ಅದು ಒಳಗೊಳಗೇ ಅದುಮಿಕೊಳ್ಳುತ್ತದೆ. ಆರಿದಾಗ ಅದೇ ಪಟ್ಟಿ ಎಳೆತಕ್ಕೆ ಸಿಗುತ್ತದೆ. ಬೀಡು ಅದುಮುವುದನ್ನು ತಡೆದೀತು, ಎಳೆಯುವುದನ್ನು ತಡೆಯದು. ಟ್ರಾಲ್ ಎಳೆಯುವ ಎಂಜಿನ್ ಎರಡು ಮೂರು ಗಂಟೆ ಒಂದೇ ಸಮನೆ ಭಾರದಲ್ಲಿ ದುಡಿದು ಮತ್ತೆ ಐಡಲ್‌ಗೆ ಬರುತ್ತದೆ. ಇದು ಸೀಸನ್ ಪೂರ್ತಿ.

ವೆಲ್ಡಿಂಗ್ ಯಾಕೆ ಬೇಡ

"ಸಂಜೆಯೊಳಗೆ ವೆಲ್ಡಿಂಗ್ ಮಾಡಿಸಿ ಕೊಡ್ತಾರಂತೆ" ಅಂದರು ಮಾಲೀಕರು. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಈ ಜಾಗಕ್ಕೆ ಅದು ಆಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಿದೆ.

ಬೀಡಿನಲ್ಲಿ ಇಂಗಾಲ ನೂರಕ್ಕೆ ಮೂರರ ಮೇಲಿರುತ್ತದೆ. ತಣ್ಣನೆ ಹೆಡ್ಡಿಗೆ ಕರೆಂಟ್ ವೆಲ್ಡಿಂಗ್ ಹೊಡೆದರೆ ಕರಗಿದ ಭಾಗ ಗಬಕ್ಕನೆ ಆರುತ್ತದೆ. ಆಗ ವೆಲ್ಡಿಂಗಿನ ಅಂಚಿನಲ್ಲಿ ಗಾಜಿನಂತೆ ಗಟ್ಟಿ, ಒಡೆಯುವ ಪದರ ಆಗುತ್ತದೆ. ಫೈಲ್ ಕೂಡ ಹಿಡಿಯುವುದಿಲ್ಲ. ಮುಂದಿನ ಬಿರುಕು ಆ ಪದರದ ಪಕ್ಕದಲ್ಲೇ. ನಿಕಲ್ ರಾಡ್ ಬಳಸಿ, ಒಂದೊಂದು ಇಂಚಷ್ಟೇ ಎಳೆದು, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ, ಕೈ ಇಡುವಷ್ಟು ಆರಲು ಬಿಟ್ಟು ಮುಂದೆ ಹೋದರೆ ಪರವಾಗಿಲ್ಲ. ಬ್ರಾಕೆಟ್, ಮ್ಯಾನಿಫೋಲ್ಡಿನ ಕಾಲು, ಹೊರಗಿನ ಗೋಡೆ ಇಂಥ ಕಡೆ ನಾನೇ ಮಾಡಿಸುತ್ತೇನೆ. ವಾಲ್ವ್‌ಗಳ ನಡುವೆ ಮಾತ್ರ ಅಲ್ಲ. ಅಲ್ಲಿ ಮಾಡುವುದಾದರೆ ಇಡೀ ಹೆಡ್ಡನ್ನು ಭಟ್ಟಿಯಲ್ಲಿ 600 ಡಿಗ್ರಿಗಿಂತ ಮೇಲೆ ಕಾಯಿಸಿ, ಬೀಡಿನ ರಾಡಿನಿಂದಲೇ ಗ್ಯಾಸ್ ವೆಲ್ಡಿಂಗ್ ಮಾಡಿ, ದಿನಗಟ್ಟಲೆ ನಿಧಾನವಾಗಿ ಆರಿಸಬೇಕು. ಆಮೇಲೆ ಮುಖ, ಸೀಟು, ಗೈಡ್ ಎಲ್ಲಾ ಹೊಸದಾಗಿ ಮಷಿನ್ ಆಗಬೇಕು. ಅದನ್ನು ಬಲ್ಲವರು ಈಗ ಬಹಳ ಕಡಿಮೆ.

ಉಳಿದ ದಾರಿ ಹೊಲಿಗೆ. ಬಿಸಿ ಮಾಡದೆ, ಬಿರುಕಿನ ಉದ್ದಕ್ಕೂ ತೂತು ಕೊರೆದು ಆಟೆ (ಥ್ರೆಡ್) ಹಾಕಿ, ಸ್ವಲ್ಪ ಮೊನಚಾದ ಬೀಡಿನ ಪ್ಲಗ್‌ಗಳನ್ನು ತಿರುಗಿಸಿ ಕೂರಿಸುವುದು. ಪ್ರತಿ ಹೊಸ ತೂತು ಹಿಂದಿನ ಪ್ಲಗ್ಗನ್ನು ಮೂರರಲ್ಲೊಂದು ಪಾಲು ಕಚ್ಚಿಕೊಂಡೇ ಕೊರೆಯಬೇಕು. ಕೊನೆಗೆ ಬಿರುಕೇ ಉಳಿಯುವುದಿಲ್ಲ, ಒಂದಕ್ಕೊಂದು ಬೆಸೆದ ಪ್ಲಗ್‌ಗಳ ಸಾಲು ಉಳಿಯುತ್ತದೆ. ಎರಡೂ ವಾಲ್ವಿಗೆ ಬಿಗಿಯಾದ ಹೊಸ ಸೀಟ್ ರಿಂಗ್ ಬಿದ್ದಾಗ ಅವು ಆ ಸಾಲಿನ ಎರಡು ತುದಿಯನ್ನೂ ಹಿಡಿದುಕೊಳ್ಳುತ್ತವೆ.

ಇದು ನಿಲ್ಲಬೇಕಾದರೆ ಪ್ಲಗ್ ಕಚ್ಚುವ ಬೀಡು ಗಟ್ಟಿ ಇರಬೇಕು. ಅದನ್ನು ನೋಡದೆ, ಹೊಲಿಗೆ ಮಾಡುವವರಿರುವ ಹುಬ್ಬಳ್ಳಿಗೆ ಹೆಡ್ ಕಳಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ.

ಚಾಕುವಿನ ಪರೀಕ್ಷೆ

ಬೀಡು ವರ್ಷಗಟ್ಟಲೆ ಉಪ್ಪುನೀರಿನಲ್ಲಿದ್ದರೆ ಒಂದು ವಿಚಿತ್ರ ಆಗುತ್ತದೆ. ಕಬ್ಬಿಣ ಕರಗಿ ಹೋಗುತ್ತದೆ, ಅದರೊಳಗಿನ ಗ್ರಾಫೈಟ್ ಹಾಗೇ ಉಳಿಯುತ್ತದೆ. ಸಾಮಾನ್ಯ ತುಕ್ಕಿನ ಹಾಗೆ ಉದುರುವುದಿಲ್ಲ, ತೆಳ್ಳಗಾಗುವುದಿಲ್ಲ. ಎರಕದಲ್ಲಿ ಬಂದ ಆಕಾರ, ಅಂಚು, ಅಳತೆ ಎಲ್ಲಾ ಇದ್ದ ಹಾಗೇ. ನೋಡಿದರೆ ಗಟ್ಟಿ ಹೆಡ್. ಒಳಗೆ ಜೀವ ಇಲ್ಲ.

ಪರೀಕ್ಷೆಗೆ ಬೇಕಾದದ್ದು ಜೇಬಿನ ಚಾಕು, ಸಣ್ಣ ಸುತ್ತಿಗೆ. ಹಿಂದಿನ ಹೆಡ್ಡಿನಲ್ಲಿ ಕೋರ್ ಪ್ಲಗ್ಗಿನ ತೂತಿನಿಂದ ಚಾಕು ತೂರಿಸಿ ಗೋಡೆಗಳನ್ನು ಗೀರಿದೆ. ಮೇಲೆ ತೆಳ್ಳಗೆ ಕಪ್ಪು ಬಂತು, ಕೂಡಲೇ ಲೋಹದ ಹೊಳಪು ಸಿಕ್ಕಿತು. 5ನೇ ಸಿಲಿಂಡರಿನ ಸುತ್ತ ನಾಲ್ಕಾರು ಕಡೆ ಗೀರಿದರೂ ಅಷ್ಟೇ. ಸುತ್ತಿಗೆ ತಟ್ಟಿದರೆ ಕಣ್ ಅಂತ ಸದ್ದು. ಹೊಲಿಗೆ ಹಿಡಿಯುತ್ತದೆ ಅಂತ ಧೈರ್ಯ ಬಂತು.

ಮುಂದಿನ ಹೆಡ್ಡನ್ನೂ ತೆಗೀಬೇಕು ಅಂದಾಗ ಮಾಲೀಕರಿಗೆ ಸಿಟ್ಟು ಬಂತು. ಬರುವುದು ಸಹಜ. ಒಂದು ತೊಟ್ಟು ನೀರು ಸೋರದ ಹೆಡ್, ಅದನ್ನು ಯಾಕೆ ಕೀಳಬೇಕು? ಇನ್ನೊಂದು ಗ್ಯಾಸ್ಕೆಟ್ ಖರ್ಚು, ಇನ್ನಷ್ಟು ದಿನ. ಆದರೆ ಅದೇ ಉಪ್ಪುನೀರು ಅದರಲ್ಲೂ ಓಡಿದೆ. ಮೇಲಾಗಿ ಅದರ ಬಾಯಿಗೆ ಹಿತ್ತಾಳೆ ಮೊಣಕೈ ಕಚ್ಚಿಕೊಂಡಿದೆ. ಉಪ್ಪುನೀರಿನಲ್ಲಿ ಹಿತ್ತಾಳೆ ಮತ್ತು ಬೀಡು ತಾಗಿಕೊಂಡಿದ್ದರೆ ಅದು ಬ್ಯಾಟರಿಯ ಹಾಗೆ ನಡೆಯುತ್ತದೆ, ಮೊದಲು ಸವೆಯುವುದು ಬೀಡು. "ತೆಗೆದು ನೋಡ್ತೇನೆ. ಸರಿಯಿದ್ದರೆ ಆ ಹೆಡ್ಡಿನ ಕೂಲಿ ನನಗೆ ಬೇಡ" ಅಂದ ಮೇಲೆ ಒಪ್ಪಿದರು.

ಬಣ್ಣದ ಪರೀಕ್ಷೆಯಲ್ಲಿ ಮುಂದಿನ ಹೆಡ್ಡಿನಲ್ಲಿ ಒಂದು ಗೆರೆಯೂ ಬರಲಿಲ್ಲ. ಮಾಲೀಕರ ಮುಖ ಅರಳಿತು. ಆಮೇಲೆ ಹಿತ್ತಾಳೆ ಮೊಣಕೈ ಬಿಚ್ಚಿ, ಅದು ಕೂತಿದ್ದ ಬಾಯಿಯ ಒಳಗೋಡೆಗೆ ಚಾಕುವಿನ ತುದಿ ಒತ್ತಿದೆ. ಜೋರು ಮಾಡದೆಯೇ ಒಳಗೆ ಹೋಯಿತು. ತಿರುಗಿಸಿದರೆ ಪೆನ್ಸಿಲ್ ಕಡ್ಡಿಯ ಹಾಗೆ ಕಪ್ಪು ಪುಡಿ ಬಂತು, ಬೆರಳಿಗೆ ಹಚ್ಚಿದರೆ ನುಣ್ಣಗೆ ಬಳಿದುಕೊಂಡಿತು. ಕೆರೆಯುತ್ತಾ ಹೋದೆ. 6 ಮಿಲಿಮೀಟರ್ ಗೋಡೆಯಲ್ಲಿ 4 ಮಿಲಿಮೀಟರ್ ಹೀಗೇ ಹೋಯಿತು. ಸುತ್ತಿಗೆ ತಟ್ಟಿದರೆ ಸತ್ತ ಸದ್ದು. ಬಾಯಿಯಿಂದ 1ನೇ ಸಿಲಿಂಡರಿನ ಕಡೆಗೂ ಮೆತ್ತಗಿನ ಭಾಗ ಹಬ್ಬಿತ್ತು, ಅಲ್ಲಿ ಒಂದು ಸ್ಟಡ್ಡಿನ ತೂತಿನ ಅಂಚನ್ನೂ ತಲುಪಿತ್ತು.

ಮಾಲೀಕರ ಕೈಗೆ ಚಾಕು ಕೊಟ್ಟೆ. ಅವರೇ ಒಂದೆರಡು ಸಲ ಕೆರೆದು ನೋಡಿದರು. ಏನೂ ಮಾತಾಡಲಿಲ್ಲ.

ಆ ಹೆಡ್ಡಿಗೆ ವೆಲ್ಡಿಂಗ್ ಹಿಡಿಯದು, ಪ್ಲಗ್ ಹಿಡಿಯದು. ಎಪಾಕ್ಸಿ ಬಳಿದು ಕಳಿಸುವವರಿದ್ದಾರೆ. ಬೋಟಿನಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಲಾರಿ ಆದರೆ ರಸ್ತೆ ಬದಿಗೆ ನಿಲ್ಲುತ್ತದೆ. ಬೋಟಿನಲ್ಲಿ ಎಂಜಿನ್ ಸತ್ತರೆ, ಅದೂ ಅಳಿವೆಯ ಬಾಯಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆಯುವಾಗ ಸತ್ತರೆ, ಒಳಗಿರುವವರ ಜೀವದ ಪ್ರಶ್ನೆ. ಆ ಹೆಡ್ ಗುಜರಿಗೆ ಹೋಯಿತು.

ಹುಬ್ಬಳ್ಳಿಯಲ್ಲಿ

ಹೊಲಿಗೆ ಮಾಡಬೇಕಾದ ಹೆಡ್ಡನ್ನು ಮರದ ಹಲಗೆಯ ಮೇಲೆ ಮುಖ ತಾಗದ ಹಾಗೆ ಕಟ್ಟಿ, ಅಂಕೋಲಾ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ದೆವು. ಗಟ್ಟಿ ಬೀಡಿನ ಹಳೇ ಹೆಡ್ ಹುಡುಕುವುದಕ್ಕೂ ಅದೇ ಜಾಗ ಸರಿ. ಘಟ್ಟದ ಮೇಲಿನ ಲಾರಿಯ ಹೆಡ್ ಉಪ್ಪುನೀರು ಕಂಡಿರುವುದಿಲ್ಲ. ತುಕ್ಕು ಇರುತ್ತದೆ, ಗ್ರಾಫೈಟ್ ಆಗಿರುವುದಿಲ್ಲ. ಮೊದಲು ಸಿಕ್ಕಿದ್ದರಲ್ಲಿ ವಾಲ್ವ್‌ಗಳ ನಡುವೆ ಬಿರುಕಿತ್ತು, ಬಿಟ್ಟೆವು. ಇನ್ನೊಂದು ಚಾಕುವಿನ ಪರೀಕ್ಷೆ, ಬಣ್ಣದ ಪರೀಕ್ಷೆ ಎರಡೂ ಪಾಸಾಯಿತು. ಎತ್ತರವನ್ನೂ ಅಳೆದೆವು. ಎಷ್ಟೋ ಸಲ ಮುಖ ತೆಗೆದು ತೀರಾ ತೆಳ್ಳಗಾದ ಹೆಡ್ಡುಗಳೂ ಗುಜರಿಯಲ್ಲಿ ಇರುತ್ತವೆ.

ಹೊಲಿಗೆ ಮಾಡಿದ ಕಸುಬುದಾರರು ವಯಸ್ಸಾದವರು, ಮಾತು ಕಡಿಮೆ. ಮೊದಲು ಎರಡೂ ಸೀಟಿನ ಜಾಗ ಕೊರೆದು ತೆಗೆದರು. ಆಗ ಬಿರುಕು ಎಲ್ಲಿ ನಿಂತಿದೆ ಅನ್ನುವುದು ಸ್ಪಷ್ಟ ಕಂಡಿತು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದ ಹಾಗೆ ಮಾಡಿದರು. ಆಮೇಲೆ ಒಂದೊಂದೇ ಪ್ಲಗ್. ತಿರುಗಿಸುವುದು, ಮೇಲಿನ ತುಂಡು ಕತ್ತರಿಸುವುದು, ಸುತ್ತಿಗೆಯ ಗುಂಡು ತುದಿಯಿಂದ ತಟ್ಟುವುದು, ಪಕ್ಕಕ್ಕೆ ಅದನ್ನೇ ಕಚ್ಚಿಸಿ ಮುಂದಿನ ತೂತು. ಡ್ರಿಲ್ ಅರ್ಧ ಪ್ಲಗ್ ಅರ್ಧ ಬೀಡಿನ ಮೇಲೆ ಕೂರುವಾಗ ಜಾರುತ್ತದೆ. ಜಾರದ ಹಾಗೆ ಅವರು ಹಿಡಿಯುತ್ತಿದ್ದ ರೀತಿ ನೋಡುವುದಕ್ಕೇ ಹಿತ.

ಸೀಟ್ ರಿಂಗುಗಳನ್ನು ತೂತಿಗಿಂತ ಸುಮಾರು 0.08 ಮಿಲಿಮೀಟರ್ ದೊಡ್ಡದಾಗಿ ತಿರುವಿದ್ದರು. ರಿಂಗನ್ನು ಐಸ್ ಮತ್ತು ಉಪ್ಪಿನಲ್ಲಿ ಹೂತಿಟ್ಟರು, ಹೆಡ್ಡನ್ನು ನೂರು ಡಿಗ್ರಿ ದಾಟಿಸಿ ಕಾಯಿಸಿದರು. ಪುಡಿ ಐಸಿಗೆ ಉಪ್ಪು ಬೆರೆಸಿದರೆ ಸೊನ್ನೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕೆಳಗೆ ಹೋಗುತ್ತದೆ. ರಿಂಗ್ ಕುಗ್ಗಿ, ತೂತು ಹಿಗ್ಗಿ, ಹಗುರ ಏಟಿಗೆ ಕೂತಿತು. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಆ ರಿಂಗ್ ಅಲ್ಲಾಡುವ ಮಾತೇ ಇಲ್ಲ.

4ರ ಕೂದಲೆಳೆಯನ್ನು ಮುಟ್ಟಲಿಲ್ಲ. ಅದು ಸೀಟಿಗೂ ತಲುಪಿರಲಿಲ್ಲ, ನೀರಿಗೂ ಇಳಿದಿರಲಿಲ್ಲ. ಇಂಥ ಮೇಲ್ಮೈ ಗೆರೆ ಹಳೇ ಡೀಸೆಲ್ ಹೆಡ್ಡುಗಳಲ್ಲಿ ಮಾಮೂಲಿ. ಕೆದಕಿದರೆ ಜಾಸ್ತಿ ಕೆಡಬಹುದು.

ನೀರಿನ ದಾರಿಗಳನ್ನೆಲ್ಲಾ ಮುಚ್ಚಿ, 80 ಡಿಗ್ರಿಯ ಬಿಸಿನೀರು ತುಂಬಿ, 3 ಬಾರ್ ಒತ್ತಡದಲ್ಲಿ ಅರ್ಧ ಗಂಟೆ ಇಟ್ಟರು. ಬೋಟಿನಲ್ಲಿ ಟ್ಯಾಂಕಿನ ಮುಚ್ಚಳ 1 ಬಾರ್‌ಗೂ ಮುಂಚೆ ತೆರೆಯುತ್ತದೆ. ಆದರೂ ಇಷ್ಟು ಬೇಕು, ಮತ್ತು ಬಿಸಿಯೇ ಬೇಕು. ತಣ್ಣೀರಿನಲ್ಲಿ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ಬಾಯಿ ಬಿಡುತ್ತದೆ. ಎರಡು ಹೆಡ್ಡಿಗೂ ಇದೇ ಪರೀಕ್ಷೆ ಮಾಡಿಸಿದೆ. ಎರಡೂ ಒಣಗಿದ್ದವು.

ಹೊಲಿದ ಹೆಡ್ಡಿನ ಮುಖದ ಮೇಲೆ ಸರಳಪಟ್ಟಿ ಇಟ್ಟು ನೋಡಿದರೆ ನಡುವೆ 0.15 ಮಿಲಿಮೀಟರಿನ ಫಿಲ್ಲರ್ (ಸಂದು ಅಳೆಯುವ ತೆಳು ಪಟ್ಟಿ) ಹೋಗುತ್ತಿತ್ತು. 0.2 ಮಿಲಿಮೀಟರ್ ಮುಖ ತೆಗೆಸಿದೆವು. ಈ ಎಂಜಿನ್‌ನಲ್ಲಿ ಹೆಡ್ಡಿನ ಮುಖ ಸಪಾಟು, ಡೀಸೆಲ್ ಉರಿಯುವ ಗುಳಿ ಪಿಸ್ಟನ್ ತಲೆಯಲ್ಲಿದೆ. ಹಾಗಾಗಿ ಮುಖ ತೆಗೆದರೆ ಕಂಪ್ರೆಷನ್ ಅಷ್ಟಾಗಿ ಏರುವುದಿಲ್ಲ. ಆದರೆ ವಾಲ್ವ್ ಮತ್ತು ಇಂಜೆಕ್ಟರಿನ ನಾಝಲ್ ತುದಿ ಪಿಸ್ಟನ್ನಿಗೆ ಅಷ್ಟು ಹತ್ತಿರ ಬರುತ್ತವೆ. ಸೀಟನ್ನು ಆಳ ಮಾಡಿ ವಾಲ್ವ್ ಮತ್ತೆ ಪುಸ್ತಕದ ಅಳತೆಗೆ ಒಳಗೆ ಕೂರಿಸಬೇಕು, ನಾಝಲ್ ಅಡಿಗೆ ದಪ್ಪ ತಾಮ್ರದ ವಾಷರ್ ಹಾಕಬೇಕು. ಎರಡನ್ನೂ ಮಾಡಿಸಿದೆವು.

ಕೂರಿಸುವುದು

ಹೆಡ್ ಘಟ್ಟದ ಮೇಲಿದ್ದಾಗ ಬ್ಲಾಕಿನ ನೀರಿನ ದಾರಿಯನ್ನು ನನ್ನ ಹುಡುಗರು ಪೊರೆ ಕರಗಿಸಿ ತೊಳೆದಿದ್ದರು. ಬ್ಲಾಕಿಗೂ ಚಾಕು ಹಾಕಿ ನೋಡಿದೆ, ಗಟ್ಟಿಯಿತ್ತು. ಇಲ್ಲದಿದ್ದರೆ ಈ ಬರಹ ಇಲ್ಲಿಗೇ ನಿಲ್ಲುತ್ತಿತ್ತು. ಆಯಿಲ್ ಬದಲಿಸಿದೆವು.

ಎರಡು ಹೆಡ್ ಇರುವ ಎಂಜಿನ್‌ನಲ್ಲಿ ನಟ್ ಬಿಗಿಯುವ ಮೊದಲು ಎರಡರ ಮ್ಯಾನಿಫೋಲ್ಡ್ ಬದಿಗೆ ಉದ್ದ ಸರಳಪಟ್ಟಿ ಒತ್ತಿಟ್ಟು ಒಂದೇ ಗೆರೆಗೆ ತರಬೇಕು. ಬೇರೆ ಎಂಜಿನ್‌ನ ಹೆಡ್ ಹಾಕುವಾಗ ಇದನ್ನು ಬಿಡಲೇಬಾರದು. ಇಲ್ಲದಿದ್ದರೆ ಮ್ಯಾನಿಫೋಲ್ಡ್ ಬಿಗಿಯುವಾಗ ಅದು ಒಂದು ಹೆಡ್ಡನ್ನು ಎಳೆದು ಹಿಡಿಯುತ್ತದೆ. ಸ್ಟಡ್ ಆಟೆ ಶುಚಿ ಮಾಡಿ, ಎಣ್ಣೆ ಸವರಿ, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದ ಬಿಗಿದೆವು. ಕೈ ಅಂದಾಜು ಬೇಡ.

ಹಿತ್ತಾಳೆ ಮೊಣಕೈಯನ್ನು ಎತ್ತಿಟ್ಟು ಬೀಡಿನದ್ದೇ ಹಾಕಿದೆ. ಥರ್ಮೋಸ್ಟಾಟ್ ಹೊಸದು ಬಂತು. ಅದು ಇಲ್ಲದಿದ್ದರೆ ಎಂಜಿನ್ ತಣ್ಣಗಿರುತ್ತದೆ ಅಂತ ಬಹಳ ಜನ ನಂಬುತ್ತಾರೆ. ಇಂಥ ಎಂಜಿನ್‌ನಲ್ಲಿ ಅದು ಪೂರ್ತಿ ತೆರೆದಾಗ ಪಕ್ಕದ ಅಡ್ಡದಾರಿ ಮುಚ್ಚುತ್ತದೆ. ಕಿತ್ತರೆ ಅಡ್ಡದಾರಿ ಯಾವಾಗಲೂ ತೆರೆದೇ ಇರುತ್ತದೆ. ಸ್ವಲ್ಪ ನೀರು ಎಕ್ಸ್‌ಚೇಂಜರಿಗೆ ಹೋಗದೆ ಬಿಸಿಬಿಸಿಯಾಗಿಯೇ ವಾಪಸ್ ಎಂಜಿನ್ ಸೇರುತ್ತದೆ. ಎಕ್ಸ್‌ಚೇಂಜರಿನ ಜಿಂಕ್ ಕಡ್ಡಿ ನಾಲ್ಕು ತಿಂಗಳಲ್ಲೇ ಅರ್ಧ ಸವೆದಿತ್ತು, ಬದಲಿಸಿದೆವು. ಅದು ಸವೆಯುವುದಕ್ಕೇ ಇರುವುದು.

ಟ್ಯಾಂಕಿಗೆ ಹಾಕುವ ನೀರಿನ ಬಗ್ಗೆ ಒಂದು ಮಾತು. ಅಘನಾಶಿನಿ ನದಿಯ ಮುಖದಲ್ಲಿ, ಉಪ್ಪುನೀರು ನುಗ್ಗುವ ಗಜನಿ ಭೂಮಿಯ ಹತ್ತಿರದ ಬಾವಿಗಳಲ್ಲಿ ನೀರು ಸವಳು. ಸಿಹಿನೀರು ಅಂದುಕೊಂಡು ಅದನ್ನೇ ಹಾಕಿದರೆ ಮತ್ತೆ ಉಪ್ಪು. ಕೂಲಂಟ್ ಜೊತೆ ಬ್ಯಾಟರಿ ನೀರು ಅಥವಾ ಆರ್‌ಒ ನೀರು ಮಾತ್ರ ಹಾಕಬೇಕು ಅಂತ ಕ್ಯಾನಿನ ಮೇಲೆ ಬರೆದು ಎಂಜಿನ್ ರೂಮಿನಲ್ಲಿ ಇಟ್ಟು ಬಂದೆ.

ಹಿಂದಿನ ಹೆಡ್ಡಿಗೆ ಇನ್ನೊಂದು ಸೆನ್ಸರ್ ಕೂರಿಸಿ, ತಾಂಡೇಲನ ಕಣ್ಣೆದುರು ಎರಡನೇ ಮುಳ್ಳು ಹಾಕಿದೆ, ಜೊತೆಗೆ ಬಜರ್. ಇಡೀ ರಿಪೇರಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದು. ಎರಡು ಹೆಡ್ ಇರುವ ಪ್ರತಿ ಬೋಟಿಗೂ ಇದು ಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ.

ಪರೀಕ್ಷೆಗೆ ಹೊರಗೆ ಹೋದಾಗ ಬಲೆ ಬಿಟ್ಟು ಭಾರದಲ್ಲೇ ಎಳೆಸಿದೆವು. ಮುಂದಿನ ಮುಳ್ಳು 80, ಹಿಂದಿನದು 84. ಟ್ಯಾಂಕಿನಲ್ಲಿ ಗುಳ್ಳೆ ಇಲ್ಲ, ಹೊಗೆಯಲ್ಲಿ ಬಿಳಿ ಇಲ್ಲ. ವಾಪಸ್ ಬಂದು, ಎಂಜಿನ್ ಆರಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಟಾರ್ಕಿಗೆ ತಂದು, ಟ್ಯಾಪೆಟ್ (ವಾಲ್ವಿನ ಸಂದು) ನೋಡಿ ಬಿಟ್ಟುಕೊಟ್ಟೆ. ಮಾಲೀಕರು ತಾಂಡೇಲನ ಹೆಗಲ ಮೇಲೆ ಕೈಯಿಟ್ಟು, "ನಾಳೆ ಮೂರು ಗಂಟೆಗೇ ಬಿಡುವಾ ಹಾಗಾದ್ರೆ" ಅಂದರು.

ಈಗ ತಾಂಡೇಲ ಎರಡು ಮುಳ್ಳಿನ ಲೆಕ್ಕವನ್ನೂ ಪ್ರತಿ ಎಳೆತದಲ್ಲಿ ವಹಿಯಲ್ಲಿ ಬರೆದಿಡುತ್ತಾನೆ. ಎರಡರ ನಡುವೆ 10 ಡಿಗ್ರಿಗಿಂತ ಜಾಸ್ತಿ ಅಂತರ ಬಂದರೆ ಬಲೆ ಎತ್ತಿ ಬರಬೇಕು ಅಂತ ಮಾಲೀಕರೇ ಒಪ್ಪಿದ್ದಾರೆ. ಜೂನ್‌ನಲ್ಲಿ ಬೋಟ್ ಮೇಲೆ ಬಂದಾಗ ಹೆಡ್ ಬಿಚ್ಚುವ ಅಗತ್ಯವಿಲ್ಲ. 4 ಮತ್ತು 5ರ ಇಂಜೆಕ್ಟರ್ ತೆಗೆದು, ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಪಿಸ್ಟನ್ ತಲೆಗಳು ಕಪ್ಪಗೇ ಇವೆಯಾ ಅಂತ ನೋಡುವುದು, ಎಕ್ಸ್‌ಚೇಂಜರ್ ಬಿಚ್ಚಿ ಜಿಂಕ್ ಕಡ್ಡಿ ಬದಲಿಸುವುದು, ಕೂಲಂಟ್ ಹೊಸದು ಹಾಕುವುದು. ಇಷ್ಟು ಕೆಲಸ ಬಾಕಿಯಿದೆ.